ಲಾಂಛನದ ಅರ್ಥವೂ ಅದರ ಹೊಣೆಯೂ

ವಚನವಾಙ್ಮಯವನ್ನು ಓದುವವರಿಗೆ ಲಾಂಛನವೆಂಬ ಶಬ್ದವು ಹೆಜ್ಜೆಹೆಜ್ಜೆಗೂ ಎದುರಾಗತಕ್ಕದ್ದು. ಲಾಂಛನವನ್ನು ಕಂಡೊಡನೆ ಶರಣೆನ್ನಬೇಕೆಂಬ ಬೋಧೆಯೂ, ಲಾಂಛನವನ್ನು ಹೊತ್ತು ಹೊಟ್ಟೆಯ ಪಾಡಿಗಾಗಿ ತಿರುಗುವವರ ಖಂಡನೆಯೂ ಆ ವಾಙ್ಮಯದಲ್ಲಿ ಜತೆಜತೆಯಾಗಿಯೇ ಇರುವುವು. ಬಸವಣ್ಣನವರಲ್ಲಿ ಇವೆರಡೂ ಉಂಟು. ಅಂಬಿಗರ ಚೌಡಯ್ಯನಲ್ಲಂತೂ ಎರಡನೆಯದರ ಕಟುತ್ವವು ಓದುವವನ ಮೈಗೆ ತಾಗುವಂತಿದೆ. ಹೀಗಿರುವಲ್ಲಿ, ಬಾಗಿಲಿಗೆ ಬಂದ ಲಾಂಛನಧಾರಿಯನ್ನು ಗೃಹಸ್ಥನು ಹೇಗೆ ಕಾಣಬೇಕು? ಕೈಮುಗಿದರೆ ಡಾಂಭಿಕನಿಗೆ ಕೈಮುಗಿದಂತಾದೀತು. ಮುಗಿಯದೆ ಹೋದರೆ ಶರಣನೊಬ್ಬನನ್ನು ತಿರಸ್ಕರಿಸಿದಂತಾದೀತು. ಈ ಸಂದೇಹವು ಪುಸ್ತಕದೊಳಗಿನದಲ್ಲ, ದಿನದಿನದ ಬಾಳಿನದು. ಇದನ್ನು ಬಿಡಿಸಬೇಕಾದರೆ ಲಾಂಛನವೆಂದರೇನು, ಅದು ಯಾರಿಗಾಗಿ ಇರುವುದು ಎಂಬುದನ್ನು ಮೊದಲು ನೋಡಬೇಕು.

ಸಂಸ್ಕೃತದಲ್ಲಿ ‘ಲಾಛಿ’ ಎಂಬ ಧಾತುವಿಗೆ ಗುರುತುಮಾಡುವುದು ಎಂಬ ಅರ್ಥವುಂಟು. ಅದರಿಂದ ಹುಟ್ಟಿದ್ದು ಲಾಂಛನ. ಚಂದ್ರನಿಗೆ ಶಶಲಾಂಛನನೆಂದು ಹೆಸರು. ಅವನ ಮೈಮೇಲಿನ ಮೊಲದಾಕಾರದ ಕಪ್ಪು ಗುರುತೇ ಅದಕ್ಕೆ ಕಾರಣ. ಅಮರಸಿಂಹನು ತನ್ನ ಕೋಶದಲ್ಲಿ ಕಲಂಕ, ಅಂಕ, ಲಾಂಛನ, ಚಿಹ್ನಗಳನ್ನು ಒಂದೇ ಸಾಲಿನಲ್ಲಿ ಕುಳ್ಳಿರಿಸಿದ್ದಾನೆ. ಎಂದರೆ ಕಳಂಕವೂ ಬಿರುದಿನ ಗುರುತೂ ಭಾಷೆಯ ದೃಷ್ಟಿಯಲ್ಲಿ ಒಡಹುಟ್ಟಿದವು. ಕನ್ನಡದಲ್ಲಿ ಲಾಂಛನವೆಂದರೆ ಗೌರವದ ಗುರುತು. ಹಿಂದಿಯಲ್ಲಿ ಅದೇ ಶಬ್ದಕ್ಕೆ ಅಪವಾದ, ಕಳಂಕ ಎಂಬ ಅರ್ಥವೇ ನಿಂತಿದೆ. ಒಂದೇ ಮಾತು ಒಂದು ನಾಡಿನಲ್ಲಿ ಮಾನಕ್ಕೂ ಮತ್ತೊಂದು ನಾಡಿನಲ್ಲಿ ಅಪಮಾನಕ್ಕೂ ಸಂದಿತೆಂದರೆ ಸೋಜಿಗಪಡಬೇಕಾದುದಿಲ್ಲ. ಗುರುತು ತಾನಾಗಿ ಮಾನವನ್ನೂ ಕೊಡದು, ಅಪಮಾನವನ್ನೂ ಕೊಡದು.

ಕನ್ನಡನಾಡಿನ ಅರಸುಮನೆತನಗಳಿಗೆಲ್ಲ ಲಾಂಛನಗಳಿದ್ದುವು. ಚಾಳುಕ್ಯರದು ವರಾಹ, ರಾಷ್ಟ್ರಕೂಟರದು ಗರುಡ, ಗಂಗರದು ಆನೆ, ಕದಂಬರದು ಸಿಂಹ. ಜೈನರು ತೀರ್ಥಂಕರರ ಬಿಂಬಗಳನ್ನು ಒಂದರಿಂದೊಂದು ಬೇರ್ಪಡಿಸುವುದೂ ಲಾಂಛನದಿಂದಲೇ: ವೃಷಭನಾಥನಿಗೆ ಎತ್ತು, ಪಾರ್ಶ್ವನಾಥನಿಗೆ ಹಾವು, ಮಹಾವೀರನಿಗೆ ಸಿಂಹ. ಇವು ಗುರುತು ಹಿಡಿಯಲು ಇದ್ದ ಚಿಹ್ನಗಳು. ಆದರೆ ಒಬ್ಬ ಮನುಷ್ಯನು ತನ್ನ ಮೈಮೇಲೆ ತಾನಾಗಿ ಧರಿಸುವ ಲಾಂಛನದ ರೀತಿಯೇ ಬೇರೆ. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಬಳಿ ಒಂದು ಕಂಬವಿದೆ. ವೀರಬಲ್ಲಾಳನ ದಂಡನಾಯಕನಾಗಿದ್ದ ಕುವರ ಲಕ್ಷ್ಮನ ಸ್ಮಾರಕವದು. ಒಡೆಯನು ಮಡಿದ ದಿನ ತಾನೂ ಮಡಿಯುವೆನೆಂದು ಭಾಷೆ ಕೊಟ್ಟವರಿಗೆ ಗರುಡರೆಂದು ಹೆಸರು; ಆ ಭಾಷೆಯ ಗುರುತಾಗಿ ಅವರು ಕಾಲಿಗೆ ತೊಡರನ್ನು ತೊಡುತ್ತಿದ್ದರು. ಲಕ್ಷ್ಮನೂ ಅವನ ಹೆಂಡತಿಯೂ ಪರಿವಾರದ ವೀರರೂ ಆ ಭಾಷೆಯನ್ನು ಪ್ರಾಣವಿತ್ತು ಸಲಿಸಿದರೆಂದು ಅಲ್ಲಿಯ ಶಾಸನವು ಹೇಳುತ್ತದೆ. ಅಂತಹ ಪ್ರಾಣತ್ಯಾಗವನ್ನು ಇಂದು ಯಾರೂ ಮೆಚ್ಚಬೇಕಾಗಿಲ್ಲ. ಆದರೆ ತೊಡರಿನ ಅರ್ಥವನ್ನು ಮಾತ್ರ ಗಮನಿಸಬೇಕು. ಅದು ಆಭರಣವಲ್ಲ, ಹಿಂದೆ ಮಾಡಿದ ಸಾಹಸಕ್ಕೆ ಬಂದ ಉಡುಗೊರೆಯೂ ಅಲ್ಲ. ಮುಂದೆ ಸಲ್ಲಿಸಬೇಕಾದ ಋಣದ ಪತ್ರ. ಕಾಲಿನಲ್ಲಿ ತೊಡರಿರುವ ತನಕ ಸಾಲ ತೀರಲಿಲ್ಲವೆಂದೇ ಲೆಕ್ಕ.

ಸಾಮಾನ್ಯರ ಬಳಕೆಯಲ್ಲಿ ಲಾಂಛನಕ್ಕೆ ಬಿಲ್ಲೆಯೆಂದು ಹೆಸರು. ಕಚೇರಿಯ ಜವಾನನು ಎದೆಗಡ್ಡವಾಗಿ ಡವಾಲಿಯನ್ನು ಹಾಕಿ ಅದರಲ್ಲಿ ಹಿತ್ತಾಳೆಯ ಬಿಲ್ಲೆಯನ್ನು ಧರಿಸುತ್ತಿದ್ದನು. ಚಪರಾಸಿ ಎಂಬ ಹೆಸರೂ ಇದರಿಂದಲೇ ಬಂದುದು. ಚಪರಾಸ್ ಎಂದರೆ ಬಿಲ್ಲೆ, ಅದನ್ನುಳ್ಳವನು ಚಪರಾಸಿ. ರೈಲು ನಿಲ್ದಾಣದ ಹಮಾಲನ ತೋಳಿನ ಬಿಲ್ಲೆಯಲ್ಲಿ ಒಂದು ಅಂಕಿಯಿರುತ್ತದೆ. ಎಂದೂ ಕಾಣದ ಊರಿನಲ್ಲಿ ಎಂದೂ ಕಾಣದ ಮನುಷ್ಯನ ತಲೆಯ ಮೇಲೆ ಪ್ರಯಾಣಿಕನು ತನ್ನ ಪೆಟ್ಟಿಗೆಯನ್ನು ಹೊರಿಸಿ ನಿಶ್ಚಿಂತನಾಗಿ ಹಿಂದೆ ನಡೆಯುತ್ತಾನೆ. ಆತನು ನಂಬಿದ್ದು ಹಮಾಲನ ಮುಖವನ್ನಲ್ಲ, ಬಿಲ್ಲೆಯನ್ನು. ಬಿಲ್ಲೆಯ ಮೇಲಿನ ಅಂಕಿಯಾದರೋ ಹಮಾಲನಿಗೆ ಅಲಂಕಾರವಲ್ಲ, ಕಟ್ಟು. ಪೆಟ್ಟಿಗೆ ಕಾಣೆಯಾದರೆ ಯಾರನ್ನು ಕೇಳಬೇಕೆಂಬುದನ್ನು ಅದು ಹೇಳುತ್ತದೆ. ನೋಡುವವನಿಗೆ ಅಭಯ, ಧರಿಸಿದವನಿಗೆ ಬಂಧನ: ಬಿಲ್ಲೆಯು ಒಂದೇ ಆದರೂ ಅದರ ಮುಖಗಳು ಎರಡು.

ಲೌಕಿಕ ಕಾನೂನು ಸಹ ಈ ಸೂಕ್ಷ್ಮವನ್ನು ಅರಿತಿದೆ. ಸರ್ಕಾರದ ನೌಕರನಲ್ಲದವನು ನೌಕರನ ಉಡುಪನ್ನಾಗಲಿ ಬಿಲ್ಲೆಯನ್ನಾಗಲಿ ಹೋಲುವುದನ್ನು, ಜನರು ತನ್ನನ್ನು ನೌಕರನೆಂದು ನಂಬಲಿ ಎಂಬ ಉದ್ದೇಶದಿಂದ ಧರಿಸಿದರೆ, ಅಷ್ಟೇ ಅಪರಾಧ. 1860ರ ದಂಡಸಂಹಿತೆಯ 171ನೆಯ ಕಲಮು ಹಾಗೆ ವಿಧಿಸಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 205ನೆಯ ಕಲಮು ಅದನ್ನೇ ಮುಂದುವರಿಸಿ, ಮೂರು ತಿಂಗಳವರೆಗಿನ ಸೆರೆಯನ್ನೋ ಐದು ಸಾವಿರ ರೂಪಾಯಿಯವರೆಗಿನ ದಂಡವನ್ನೋ ಎರಡನ್ನೂ ಕೂಡಿಯೋ ಹೇಳಿದೆ. ಆತನು ಒಂದು ಕಾಸನ್ನು ಕದ್ದಿರಬೇಕೆಂದಿಲ್ಲ, ಯಾರನ್ನೂ ಹೊಡೆದಿರಬೇಕೆಂದಿಲ್ಲ. ಕದ್ದದ್ದು ನಂಬಿಕೆಯನ್ನು.

ಇನ್ನು ಶರಣರ ಲಾಂಛನಕ್ಕೆ ಬರಬಹುದು. ಅಷ್ಟಾವರಣಗಳಲ್ಲಿ ಮೈಮೇಲೆ ಧರಿಸತಕ್ಕವು ಲಿಂಗ, ವಿಭೂತಿ, ರುದ್ರಾಕ್ಷಿ ಎಂಬ ಮೂರು. ಇವನ್ನು ಒಟ್ಟಾಗಿ ಲಾಂಛನವೆಂದು ಕರೆಯುವ ವಾಡಿಕೆಯಿದ್ದರೂ ಇವುಗಳಲ್ಲಿ ಒಂದು ಭೇದವುಂಟು. ವಿಭೂತಿಯನ್ನು ಇಡುವುದು ನೊಸಲಿನ ಮೇಲೆ. ನೊಸಲನ್ನು ಇಟ್ಟುಕೊಂಡವನು ತಾನು ಕಾಣಲಾರ. ಕನ್ನಡಿಯನ್ನು ಹಿಡಿಯದ ಹೊರತು ಅದು ಎದುರಿನವರಿಗೇ ಕಾಣುವುದು. ಇಷ್ಟಲಿಂಗವಾದರೋ ಶಿವದಾರದಲ್ಲಿ, ಕರಡಿಗೆಯೊಳಗೆ, ಲಿಂಗವಸ್ತ್ರದ ಮರೆಯಲ್ಲಿ, ಎದೆಯ ಮೇಲಿರುವುದು. ಅದನ್ನು ಬಿಚ್ಚಿ ಅಂಗೈಯಲ್ಲಿ ಹಿಡಿದಾಗ ಕಾಣುವವನು ಧರಿಸಿದವನೇ. ಬೀದಿಯಲ್ಲಿ ಹೋಗುವವರಿಗೆ ತೋರಿಸಲು ಯಾರೂ ಕರಡಿಗೆಯನ್ನು ತೆರೆಯುವುದಿಲ್ಲ. ಆದುದರಿಂದ ಇಷ್ಟಲಿಂಗವನ್ನು ಬರಿಯ ಗುರುತೆಂದೆಣಿಸುವುದು ತಪ್ಪು. ಅದು ಪೂಜಾವಸ್ತು, ಅರುಹಿನ ಕುರುಹು. ನೊಸಲಿನದು ಲೋಕಕ್ಕೆ ಕೊಟ್ಟ ಮಾತು, ಎದೆಯದು ಆ ಮಾತನ್ನು ನೆನಪುಮಾಡಿಕೊಡುವ ಸಾಕ್ಷಿ. ತ್ರಿಪುಂಡ್ರದ ಮೂರು ರೇಖೆಗಳಿಗೆ ಆಣವ, ಮಾಯಾ, ಕಾರ್ಮಿಕಗಳೆಂಬ ಮಲತ್ರಯವು ಸುಟ್ಟು ಬೂದಿಯಾಯಿತೆಂದು ಅರ್ಥ ಹೇಳುವ ವಾಡಿಕೆಯಿದೆ. ಬೆಳಗ್ಗೆ ಎದ್ದು ಮಿಂದು ಆ ಮೂರು ಗೆರೆಗಳನ್ನೆಳೆದುಕೊಂಡವನು ‘ಸುಟ್ಟಿದ್ದೇನೆ’ ಎಂದು ಊರಿಗೆಲ್ಲ ಬರೆದು ತೋರಿಸಿದಂತಾಯಿತು. ಆಮೇಲೆ ಅಂಗಡಿಯಲ್ಲಿ ಕುಳಿತು ತಕ್ಕಡಿಯನ್ನು ವಾಲಿಸಿದನಾದರೆ, ಕಂಡವರು ಓದುವುದು ಆ ಬರಹವನ್ನೇ.

ಅರುವತ್ತುಮೂವರು ಪುರಾತನರ ಕಥೆಗಳಲ್ಲಿ ಲಾಂಛನವನ್ನು ಕುರಿತವು ಹಲವು. ಹನ್ನೆರಡನೆಯ ಶತಮಾನದಲ್ಲಿ ತಮಿಳಿನ ಶೇಕ್ಕಿಳಾರರು ಪೆರಿಯಪುರಾಣದಲ್ಲಿ ಹೇಳಿದ ಮೆಯ್ಪೊರುಳ್ ನಾಯನಾರರ ಚರಿತ್ರೆಯು ಅವುಗಳಲ್ಲೆಲ್ಲ ಕಠಿಣವಾದುದು. ಆತನು ತಿರುಕ್ಕೋವಲೂರಿನಲ್ಲಿ ಆಳುತ್ತಿದ್ದ ಅರಸ. ನೊಸಲಿನ ಭಸ್ಮವನ್ನೂ ಶಿವಭಕ್ತರ ವೇಷವನ್ನೂ ಪರತತ್ತ್ವವೆಂದೇ ನಂಬಿದವನು. ಮುತ್ತನಾಥನೆಂಬ ಹಗೆಯು ಅವನೊಡನೆ ಹಲವು ಸಲ ಕಾದಿ ಸೋತು, ಕಡೆಗೆ ಮೈಗೆಲ್ಲ ಭಸ್ಮ ಬಳಿದು, ಜಡೆ ಕಟ್ಟಿ, ಓಲೆಯ ಕಟ್ಟಿನೊಳಗೆ ಕತ್ತಿಯನ್ನು ಮರೆಮಾಡಿ ಅರಮನೆಗೆ ಬಂದನು. ಬಾಗಿಲವರೆಲ್ಲ ಕೈಮುಗಿದು ದಾರಿಬಿಟ್ಟರು. ಒಳಬಾಗಿಲನ್ನು ಕಾಯುತ್ತಿದ್ದ ದತ್ತನೆಂಬವನೊಬ್ಬನು ಮಾತ್ರ ತಡೆದು, ಅರಸನು ಮಲಗಿರುವನು, ಇದು ಸಮಯವಲ್ಲವೆಂದನು. ಬಂದವನು ಆಗಮವನ್ನು ಉಪದೇಶಿಸಬೇಕಾಗಿದೆಯೆಂದು ನೆವ ಹೇಳಿ ನುಗ್ಗಿದನು. ಅರಸನು ಎದ್ದು, ಅವನನ್ನು ಮೇಲೆ ಕುಳ್ಳಿರಿಸಿ ತಾನು ಕೆಳಗೆ ಕುಳಿತನು. ಅವನ ಮಾತಿನಂತೆ ರಾಣಿಯನ್ನು ಹೊರಗೆ ಕಳುಹಿಸಿ ತಲೆಬಾಗಿದನು. ಬಾಗಿದಾಗಲೇ ಮುತ್ತನಾಥನು ಇರಿದನು. ದತ್ತನು ಕತ್ತಿ ಹಿರಿದು ಓಡಿ ಬಂದರೆ, ನೆಲಕ್ಕೆ ಬೀಳುತ್ತಿದ್ದ ಅರಸನು ಕೈಯಡ್ಡ ಮಾಡಿ, ಈತನು ನಮ್ಮವನು, ಇವನಿಗೆ ಯಾರಿಂದಲೂ ಕೇಡಾಗದಂತೆ ಊರ ಹೊರಗೆ ಮುಟ್ಟಿಸಿ ಬಾ ಎಂದು ಆಜ್ಞಾಪಿಸಿದನು. ಸುದ್ದಿ ತಿಳಿದು ಕೆರಳಿ ಮುತ್ತಿದ ಜನರನ್ನು ದತ್ತನು ಅರಸನ ಆಣೆ ಹೇಳಿ ಸರಿಸುತ್ತ, ಕೊಲೆಗಾರನನ್ನು ಕಾಪಾಡಿಕೊಂಡು ಹೋಗಿ ಬಿಟ್ಟುಬಂದನು. ಬಿಟ್ಟುಬಂದೆನೆಂಬ ಮಾತನ್ನು ಕೇಳಿದ ಬಳಿಕವೇ ಅರಸನು ಪ್ರಾಣಬಿಟ್ಟನು.

ಏನಾದಿನಾಥನದೂ ಇದೇ ಬಗೆಯ ಕಥೆ. ಆತನು ಕತ್ತಿವರಸೆಯನ್ನು ಕಲಿಸುವ ಗುರು. ಎದುರಾಳಿಯಾದ ಅತಿಶೂರನು ಎಂದೂ ಭಸ್ಮ ಧರಿಸದವನು ಅಂದು ಮಾತ್ರ ಧರಿಸಿ, ಗುರಾಣಿಯಿಂದ ನೊಸಲನ್ನು ಮರೆಮಾಡಿ ದ್ವಂದ್ವಯುದ್ಧಕ್ಕೆ ಬಂದು, ಸೋಲುವ ಕ್ಷಣದಲ್ಲಿ ಗುರಾಣಿಯನ್ನು ಸರಿಸಿದನು. ಏನಾದಿನಾಥನ ಕೈ ನಿಂತಿತು. ಆಯುಧವನ್ನು ಕೆಳಗಿಟ್ಟರೆ ನಿರಾಯುಧನನ್ನು ಕೊಂದ ಪಾಪ ಆತನಿಗೆ ಬಂದೀತೆಂದು ಕತ್ತಿಗುರಾಣಿಗಳನ್ನು ಹಿಡಿದುಕೊಂಡೇ ಸುಮ್ಮನೆ ನಿಂತು ಪ್ರಾಣ ಕೊಟ್ಟನು.

ಈ ಕಥೆಗಳನ್ನು ಕೇಳಿದ ಎಳೆಯ ವಿದ್ಯಾರ್ಥಿಗಳಿಗೆ ಸಹಜವಾಗಿಯೇ ಒಂದು ಪೂರ್ವಪಕ್ಷವು ತೋರುವುದು. ಹೀಗಾದರೆ ವಂಚಕರಿಗೆ ಸುಗ್ಗಿಯಾಗಲಿಲ್ಲವೆ? ಕತ್ತಿಯನ್ನು ಕಂಡ ಮೇಲೂ ವೇಷಕ್ಕೆ ಮಣಿಯುವುದು ಭಕ್ತಿಯೋ ಮೌಢ್ಯವೋ? ಈ ಆಕ್ಷೇಪವನ್ನು ಕಥೆಯ ಮಹಿಮೆಯನ್ನು ಹೊಗಳಿ ತಪ್ಪಿಸಿಕೊಳ್ಳುವುದು ಸರಿಯಲ್ಲ.

ಕಥೆಯಲ್ಲಿ ದತ್ತನಿರುವನೆಂಬುದನ್ನು ಅನೇಕರು ಮರೆಯುತ್ತಾರೆ. ಅವನು ಲಾಂಛನಧಾರಿಯನ್ನು ತಡೆದನು. ಅದಕ್ಕಾಗಿ ಪುರಾಣವು ಅವನನ್ನು ನಿಂದಿಸಿಲ್ಲ. ಅರಸನು ತನ್ನ ಕಡೆಯ ಆಜ್ಞೆಯನ್ನು ಒಪ್ಪಿಸಿದ್ದು ತಡೆದ ಆ ದತ್ತನಿಗೇ. ಬಾಗಿಲನ್ನು ಕಾಯುವವನು ವಿಚಾರಿಸುವುದು ಅವನ ಧರ್ಮ. ಅದರಿಂದ ಲಾಂಛನಕ್ಕೆ ಅಗೌರವವಿಲ್ಲ. ಅರಸನು ತ್ಯಜಿಸಿದ್ದು ತನ್ನ ಪ್ರಾಣವನ್ನು. ಪರರ ಪ್ರಾಣವನ್ನಾಗಲಿ ಪರರ ಸ್ವತ್ತನ್ನಾಗಲಿ ಲಾಂಛನದ ಹೆಸರಿನಲ್ಲಿ ವಂಚಕನ ಕೈಗೆ ಕೊಡಲು ಅವನಿಗೂ ಅಧಿಕಾರವಿರಲಿಲ್ಲ. ಆದುದರಿಂದ ಗೃಹಸ್ಥನಾದವನು ಹಸಿದು ಬಂದ ಲಾಂಛನಧಾರಿಗೆ ಊರು, ಗೋತ್ರ, ಯೋಗ್ಯತೆಗಳನ್ನು ಕೇಳದೆ ಎಲೆ ಹಾಕಬೇಕು. ಮಗನಿಗೆ ದೀಕ್ಷೆ ಕೊಡಿಸುವಾಗ, ಮನೆಯ ಹಣವನ್ನು ಒಪ್ಪಿಸುವಾಗ, ಸಂಸ್ಥೆಯ ಆಡಳಿತವನ್ನು ವಹಿಸುವಾಗ ಚೆನ್ನಾಗಿ ವಿಚಾರಿಸಬೇಕು. ಮೊದಲನೆಯದರಲ್ಲಿ ವಿಚಾರಿಸಿ, ಎರಡನೆಯದರಲ್ಲಿ ವೇಷವನ್ನು ನಂಬಿ ಕೆಡುವವರೇ ಹೆಚ್ಚು.

ಮತ್ತೊಂದು ವಿಷಯ. ಶರಣರು ಲಾಂಛನಧಾರಿಯನ್ನು ಗೌರವಿಸೆಂದು ಹೇಳಿದ್ದು ನೋಡುವವನಿಗೆ; ನಡೆಯಿಲ್ಲದ ಲಾಂಛನವು ಹೊರೆಯೆಂದು ಹೇಳಿದ್ದು ಧರಿಸಿದವನಿಗೆ. ಎರಡು ಬೋಧೆಗಳಿಗೂ ವಿರೋಧವಿರುವಂತೆ ತೋರುವುದು ಅವುಗಳ ವಿಳಾಸವನ್ನು ಅದಲುಬದಲು ಮಾಡಿದಾಗ. ಧರಿಸಿದವನು ಮೊದಲನೆಯದನ್ನು ತನ್ನ ಹಕ್ಕೆಂದು ಹಿಡಿದುಕೊಂಡು ‘ನನಗೇಕೆ ಏಳಲಿಲ್ಲ’ ಎಂದು ಕೇಳುತ್ತಾನೆ. ನೋಡುವವನು ಎರಡನೆಯದನ್ನು ಕೈಯಲ್ಲಿ ಹಿಡಿದು ಎದುರಿನವರ ನಡೆಯನ್ನು ಅಳೆಯುತ್ತಾನೆ. ಸಮಾಜದಲ್ಲಿ ಕಾಣುವ ಕಲಹದಲ್ಲಿ ಅರ್ಧಪಾಲು ಇದರಿಂದ ಹುಟ್ಟಿದ್ದು.

ಇದಕ್ಕೆ ಲೌಕಿಕದಿಂದ ಒಂದು ನಿದರ್ಶನವನ್ನು ಕೊಡಬಹುದು. ರಣರಂಗದಲ್ಲಿ ಗಾಯಗೊಂಡವರ ಶುಶ್ರೂಷೆ ಮಾಡುವವರಿಗೆ ಬಿಳಿಯ ಹಿನ್ನೆಲೆಯಲ್ಲಿ ಕೆಂಪು ಶಿಲುಬೆಯ ಗುರುತನ್ನು ಜಿನೀವಾ ನಗರದಲ್ಲಿ 1863ರ ಸಮ್ಮೇಳನವು ಗೊತ್ತುಮಾಡಿತು; 1864ರ ಆಗಸ್ಟ್ 22ರಂದು ಹನ್ನೆರಡು ರಾಜ್ಯಗಳು ಕೂಡಿ ಅದನ್ನು ಒಪ್ಪಂದವಾಗಿ ಮಾಡಿಕೊಂಡುವು. ಸ್ವಿಟ್ಸರ್ಲೆಂಡ್ ದೇಶದ ಬಾವುಟದ ಬಣ್ಣಗಳನ್ನು ಅದಲುಬದಲು ಮಾಡಿದರೆ ಆ ಗುರುತು ಆಗುತ್ತದೆ. ತುರ್ಕಿಯವರು 1876ರಿಂದ ಅದರ ಬದಲು ಕೆಂಪು ಅರ್ಧಚಂದ್ರವನ್ನು ಬಳಸಿದರು. 2005ರಲ್ಲಿ ಕೆಂಪು ಸ್ಫಟಿಕವೆಂಬ ಮೂರನೆಯ ಗುರುತೂ ಸೇರಿತು. 1949ರ ಒಪ್ಪಂದದಂತೆ ಈ ಗುರುತಿನ ಪಟ್ಟಿಯನ್ನು ಎಡತೋಳಿಗೆ ಕಟ್ಟಬೇಕು, ಅದರ ಮೇಲೆ ಅಧಿಕಾರಿಗಳ ಮುದ್ರೆಯಿರಬೇಕು. ಅದನ್ನು ಧರಿಸಿದವನ ಮೇಲೆ ಹಗೆಯೂ ಗುಂಡು ಹಾರಿಸಬಾರದು. ಆ ತೋಳಪಟ್ಟಿಗೆ ಗುಂಡನ್ನು ತಡೆಯುವ ಬಲವೇನಿದೆ? ಅದು ಬರಿಯ ಬಟ್ಟೆ. ಬಂದೂಕು ಹಿಡಿದವನ ಮನಸ್ಸಿನಲ್ಲಿರುವ ನಂಬಿಕೆಯೊಂದೇ ಅದರ ಬಲ. ಒಬ್ಬನು ಆ ಪಟ್ಟಿಯ ಮರೆಯಲ್ಲಿ ಮದ್ದುಗುಂಡುಗಳನ್ನು ಸಾಗಿಸಿದನೆಂದರೆ ಅವನು ತಪ್ಪಿಸಿಕೊಂಡು ಹೋಗಬಹುದು. ಆದರೆ ನಾಳೆ ಅದೇ ಪಟ್ಟಿಯನ್ನು ಧರಿಸಿ ಗಾಯಾಳುವಿನ ಬಳಿಗೆ ನೀರು ಒಯ್ಯುವ ನಿರಪರಾಧಿಯು ಗುಂಡಿಗೆ ಬಲಿಯಾಗುವನು. ಭಾರತದಲ್ಲಿ 1960ರ ಜಿನೀವಾ ಒಪ್ಪಂದಗಳ ಕಾಯಿದೆಯು ಕೇಂದ್ರ ಸರ್ಕಾರದ ಅಪ್ಪಣೆಯಿಲ್ಲದೆ ಆ ಗುರುತನ್ನು ಬಳಸಬಾರದೆಂದು ನಿಷೇಧಿಸಿದೆ. ಔಷಧದ ಅಂಗಡಿಯ ಫಲಕದ ಮೇಲೆ ಅದನ್ನು ಬರೆಯಿಸುವವರಿಗೆ ಇದು ತಿಳಿದಂತಿಲ್ಲ.

ಲಾಂಛನದ ಡಂಭವೂ ಹಾಗೆಯೇ. ಡಾಂಭಿಕನು ಉಂಡು ಮುಂದಿನ ಊರಿಗೆ ಹೋಗುತ್ತಾನೆ. ಅವನ ತಪ್ಪಿನ ದಂಡವನ್ನು ತೆರುವವನು ಒಂದು ತಿಂಗಳ ಮೇಲೆ ಅದೇ ಬಾಗಿಲಿಗೆ ಹಸಿದು ಬಂದ ನಿಜವಾದ ಜಂಗಮನು. ಶರಣರ ಕೋಪವು ಅಷ್ಟು ತೀಕ್ಷ್ಣವಾದುದೇಕೆಂಬುದು ಇದರಿಂದ ತಿಳಿಯುವುದು.

ಇದುವರೆಗೆ ಹೇಳಿದ್ದು ತಾನಾಗಿ ಒಪ್ಪಿ ಧರಿಸುವ ಲಾಂಛನದ ಮಾತು. ಪರರು ಬಲವಂತದಿಂದ ಹೊರಿಸುವ ಗುರುತೂ ಒಂದುಂಟು. ಇಂಗ್ಲೆಂಡಿನಲ್ಲಿ 1697ರ ಕಾಯಿದೆಯೊಂದು, ಊರಿನ ಧರ್ಮನಿಧಿಯಿಂದ ಅನ್ನಬಟ್ಟೆ ಪಡೆಯುವ ಬಡವರೆಲ್ಲರೂ ಬಲತೋಳಿನ ಮೇಲೆ ಕೆಂಪು ಅಥವಾ ನೀಲಿ ಬಟ್ಟೆಯಲ್ಲಿ ಕತ್ತರಿಸಿದ ‘ಪಿ’ ಎಂಬ ದೊಡ್ಡ ಅಕ್ಷರವನ್ನೂ ಊರಿನ ಹೆಸರಿನ ಮೊದಲಕ್ಷರವನ್ನೂ ಎಲ್ಲರಿಗೂ ಕಾಣುವಂತೆ ಧರಿಸಬೇಕೆಂದು ವಿಧಿಸಿತು. ಧರಿಸದಿದ್ದರೆ ನೆರವು ನಿಲ್ಲುವುದು, ಇಲ್ಲವೆ ಛಡಿಯೇಟು ಬೀಳುವುದು. ಆ ಕಟ್ಟಳೆಯು ರದ್ದಾದದ್ದು 1810ರಲ್ಲಿ. 1941ರ ಸೆಪ್ಟೆಂಬರಿನಲ್ಲಿ ಜರ್ಮನಿಯ ನಾಜಿ ಸರ್ಕಾರವು ಆರು ವರ್ಷ ತುಂಬಿದ ಯಹೂದಿ ಮಗುವಿನಿಂದ ಹಿಡಿದು ಮುದುಕರವರೆಗೆ ಎಲ್ಲರ ಎದೆಯ ಮೇಲೂ ಆರು ಕೋನಗಳ ಹಳದಿ ನಕ್ಷತ್ರವನ್ನು ಹೊಲಿಯಿಸಿತು. ಅದರ ಹಿಂದೆ ಬಂದ ಘೋರವು ಲೋಕವಿದಿತ. ಇಲ್ಲಿ ಅಮರಕೋಶದ ಸಾಲನ್ನು ಮತ್ತೊಮ್ಮೆ ನೆನೆಯಬಹುದು. ಇವು ಲಾಂಛನಗಳೇ, ಆದರೆ ಕಳಂಕವು ಅಂಟಿದ್ದು ಧರಿಸಿದ ಬಡವನಿಗೂ ಯಹೂದಿ ಮಗುವಿಗೂ ಅಲ್ಲ, ಹೊಲಿಯಿಸಿದವರಿಗೆ.

ದೂರದೇಶದ ಈ ಮಾತು ಇಲ್ಲಿಗೇಕೆಂದು ಕೆಲವರು ಕೇಳಬಹುದು. ಗುರುತನ್ನು ನೋಡಿ ‘ಇವನು ನಮ್ಮವನಲ್ಲ’ ಎಂದು ತಿಳಿಯುವ ಚಾಳಿಯು ಯಾವ ದೇಶಕ್ಕೂ ಹೊಸದಲ್ಲ. ಕಲ್ಯಾಣದಲ್ಲಿ ಶರಣರು ಲಾಂಛನಕ್ಕೆ ಇದಕ್ಕೆ ತೀರ ಎದುರಾದ ಉಪಯೋಗವನ್ನು ಕಲ್ಪಿಸಿದರು. ಲಿಂಗವನ್ನು ಧರಿಸಿದ ಮೇಲೆ ಹಿಂದಿನ ಕುಲವನ್ನು ಕೇಳಬಾರದು. ಲಾಂಛನವು ಅದನ್ನು ಅಳಿಸಿತೆಂದೇ ತಿಳಿಯತಕ್ಕದ್ದು. ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣಕುಲದಿಂದ ಬಂದ ಮಧುವರಸನ ಮಗಳಿಗೂ ಮದುವೆ ನಡೆದುದು ಈ ನಂಬಿಕೆಯ ಮೇಲೆ. ಬೀಗರಿಬ್ಬರ ಎದೆಯ ಮೇಲಿದ್ದುದು ಒಂದೇ ಲಿಂಗ, ನೊಸಲಿನಲ್ಲಿದ್ದುದು ಒಂದೇ ವಿಭೂತಿ. ಅವರಿಗೆ ಅಷ್ಟು ಸಾಕಾಗಿತ್ತು. ಬಿಜ್ಜಳನ ಆಸ್ಥಾನಕ್ಕೆ ಸಾಲಲಿಲ್ಲ. ಹರಳಯ್ಯನಿಗೂ ಮಧುವರಸನಿಗೂ ಮರಣದಂಡನೆಯಾಯಿತೆಂದೂ, ಅದರ ಬೆನ್ನಿಗೇ ಕಲ್ಯಾಣವು ಕದಡಿ ಶರಣರು ಚೆದುರಿಹೋದರೆಂದೂ ಸಂಪ್ರದಾಯವು ಹೇಳುತ್ತದೆ. ಲಾಂಛನವನ್ನು ನಿಜವೆಂದು ನಂಬಿದುದಕ್ಕೆ ಆ ಇಬ್ಬರು ತೆತ್ತ ಬೆಲೆಯನ್ನು ನೆನೆದರೆ, ಅದೇ ವಿಭೂತಿಯನ್ನು ಧರಿಸಿ ಪಂಕ್ತಿಯಲ್ಲಿ ಪಕ್ಕದವನ ಒಳಪಂಗಡವನ್ನು ವಿಚಾರಿಸುವವರ ವಿಷಯದಲ್ಲಿ ಹೆಚ್ಚಾಗಿ ಹೇಳಬೇಕಾದುದಿಲ್ಲ.

ಪುರಾತನರಲ್ಲಿ ಚೇರಮಾನ್ ಪೆರುಮಾಳನೆಂಬ ಅರಸನಿದ್ದನು. ಪಟ್ಟಾಭಿಷಿಕ್ತನಾಗಿ ಆನೆಯನ್ನೇರಿ ಮೆರವಣಿಗೆಯಲ್ಲಿ ಬರುತ್ತಿರುವಾಗ, ಎದುರಿನಿಂದ ಒಬ್ಬ ಮಡಿವಾಳನು ಚೌಳುಮಣ್ಣಿನ ಮೂಟೆಯನ್ನು ಹೊತ್ತು ಬಂದನು. ಮಳೆಯಲ್ಲಿ ನೆನೆದ ಆ ಮಣ್ಣು ಮೈಮೇಲೆಲ್ಲ ಸೋರಿ ಇಳಿದು, ಒಣಗಿ, ಬಿಳುಪಾಗಿ ಉದ್ಧೂಲನ ಮಾಡಿಕೊಂಡಂತೆ ಕಾಣುತ್ತಿತ್ತು. ಅರಸನು ತಟ್ಟನೆ ಆನೆಯಿಂದಿಳಿದು ಹೋಗಿ ಅವನಿಗೆ ಕೈಮುಗಿದನು. ಮಡಿವಾಳನು ನಡುಗಿಹೋಗಿ, ಒಡೆಯರು ತನ್ನನ್ನು ಯಾರೆಂದು ತಿಳಿದರೋ, ತಾನು ತಮ್ಮ ಬಟ್ಟೆ ಒಗೆಯುವ ಆಳೆಂದು ಬಿನ್ನವಿಸಿಕೊಂಡನು. ಆಗ ಅರಸನು ತಾನೂ ಒಬ್ಬ ಆಳು, ಹೆಸರು ಚೇರನೆಂದನು. ತನಗೆ ಭಸ್ಮದ ನೆನಪು ಮಾಡಿಕೊಟ್ಟೆಯಲ್ಲ, ಅಷ್ಟೇ, ಬೇಸರಿಸದೆ ಹೋಗಿ ಬಾ ಎಂದು ಅವನನ್ನು ಕಳುಹಿಸಿಕೊಟ್ಟು, ಮತ್ತೆ ಆನೆಯನ್ನೇರಿದನು.